ಚಾವಿಗೆ ಕಿವಿ ಬಂದ ಮೇಲೆ

ತೆಲಂಗಾಣದಲ್ಲಿ, ಕೃಷ್ಣಾ ನದಿಯ ಎಡದಂಡೆಯ ನಾರಾಯಣಪೇಟೆ ಮತ್ತು ಮಕ್ತಲ, ಬಲದಂಡೆಯ ಗದ್ವಾಲ, ಈ ಮೂರೂ ಊರುಗಳ ಕನ್ನಡಿಗರ ಬಾಯಲ್ಲಿ ಕೀಲಿಕೈಗೆ ‘ಚಾವಿ’ ಎಂಬ ಹೆಸರು ಬಳಕೆಯಲ್ಲಿದೆ. ಪೋರ್ಚುಗೀಸರ ಮೂಲ ಪದವೊಂದು ಮರಾಠಿ, ಉರ್ದುಗಳ ಹಾದಿಯಲ್ಲಿ ಸವೆದು ಬಂದು ಇಲ್ಲಿನ ಕನ್ನಡದಲ್ಲಿ ಹೀಗೆ ನೆಲೆನಿಂತರೆ, ಅದೇ ಬೀದಿಯ ತೆಲುಗಿನಲ್ಲಿ ಆ ವಸ್ತು ‘ತಾಳಂ ಚೆವಿ’ ಎನಿಸಿಕೊಂಡಿದೆ. ತೆಲುಗಿನ ‘ಚೆವಿ’ಗೆ ಕಿವಿ ಎಂಬ ಅರ್ಥವೂ ಇರುವುದರಿಂದ, ಎರಡೂ ಭಾಷೆ ಬಲ್ಲವರಿಗೆ ಅದು ‘ಬೀಗದ ಕಿವಿ’ ಎಂದು ಕೇಳಿಸುವುದುಂಟು. ಹಲ್ಲುಗಳಿಲ್ಲದ, ತೂತಿಗೆ ತೂರಿಸಬೇಕಿಲ್ಲದ, ಸವಾರನ ಜೇಬಿನಲ್ಲಿದ್ದುಕೊಂಡೇ ಗಾಡಿಯ ಬೀಗ ಬಿಡಿಸುವ ಸ್ಮಾರ್ಟ್ ಕೀ ಬಂದ ಮೇಲೆ ಈ ಶಬ್ದದಾಟ ವಾಸ್ತವವೇ ಆಗಿದೆ, ಏಕೆಂದರೆ ಹೊಸ ಚಾವಿ ಮೊದಲು ಕೇಳಿಸಿಕೊಳ್ಳುತ್ತದೆ, ಆಮೇಲೆ ಮಾತನಾಡುತ್ತದೆ. ಅದು ಕೇಳದೆ ಹೋದಾಗ ಏನು ಮಾಡಬೇಕು ಎಂಬುದು ಮುಂದಿನ ಸಂವಾದದ ವಿಷಯ. ಗಡಿ ಭಾಗದ ಕನ್ನಡ ಶಾಲೆಯ ಮಾಸ್ತರರೊಬ್ಬರು ಪ್ರಶ್ನೆ ಮಾಡುತ್ತಾರೆ. ದ್ವಿಚಕ್ರ ವಾಹನಗಳ ರಿಪೇರಿಯಲ್ಲಿ ಪಳಗಿದ ಉಸ್ತಾದರೊಬ್ಬರು ಉತ್ತರ ಕೊಡುತ್ತಾರೆ.

ಮಾಸ್ತರರು: ಈ ವಸ್ತುವನ್ನು ಶೋರೂಮಿನವರು ಸ್ಮಾರ್ಟ್ ಕೀ ಎನ್ನುತ್ತಾರೆ, ಕೈಪಿಡಿಗಳಲ್ಲಿ ಫಾಬ್ ಎಂಬ ಪದವೂ ಸಿಗುತ್ತದೆ, ಊರಿನವರು ರಿಮೋಟ್ ಎಂದು ಕರೆದು ಸುಮ್ಮನಾಗುತ್ತಾರೆ. ಹೆಸರು ಮೂರಾದರೂ ವಸ್ತು ಒಂದೇ ಎನ್ನುವುದಾದರೆ ಚರ್ಚೆ ಸುಲಭ. ವ್ಯತ್ಯಾಸವಿದ್ದರೆ ಅದನ್ನೇ ಮೊದಲು ಬಿಡಿಸಿಕೊಳ್ಳಬೇಕಲ್ಲವೇ, ಉಸ್ತಾದರೇ?

ಉಸ್ತಾದರು: ವಸ್ತು ಒಂದೇ, ಆದರೆ ಅದರ ಕೆಲಸ ಎರಡು, ಮಾಸ್ತರರೇ. ಫಾಬ್ ಎನ್ನುವುದು ಅದರ ಒಡಲಿಗೆ ಇಟ್ಟ ಹೆಸರು. ಹಿಂದೆ ಜೇಬುಗಡಿಯಾರದ ಸರಪಳಿಗೆ ತೂಗುಬಿಡುತ್ತಿದ್ದ ಬಿಲ್ಲೆಗೆ ಇಂಗ್ಲಿಷರು ಹೇಳುತ್ತಿದ್ದ ಮಾತು ಇಲ್ಲಿಗೆ ಬಂದಿದೆ. ಗುಂಡಿ ಒತ್ತಿದಾಗ ಗಾಡಿಗೆ ಆಜ್ಞೆ ಕಳಿಸುವುದು ಅದರ ಮೊದಲ ಕೆಲಸವಾಗಿದ್ದು, ಕುರುಮೂರ್ತಿ ಜಾತ್ರೆಯಂಥ ಕಡೆ ಸಾಲುಗಟ್ಟಿ ನಿಂತ ನೂರಾರು ಗಾಡಿಗಳ ನಡುವೆ ತನ್ನ ಗಾಡಿಯ ಇಂಡಿಕೇಟರ್ ಮಿನುಗಿಸಿ ಗುರುತು ಹಿಡಿಯುವಾಗ ಆಗುವುದು ಇದೇ. ಇಷ್ಟರ ಮಟ್ಟಿಗೆ ಅದನ್ನು ರಿಮೋಟ್ ಎಂದರೆ ತಪ್ಪಿಲ್ಲ. ಎರಡನೆಯ ಕೆಲಸದಲ್ಲಿ ಗುಂಡಿಯ ಪಾತ್ರವೇ ಇಲ್ಲ. ಸವಾರ ಹತ್ತಿರ ಬಂದು ಗಾಡಿಯ ನಾಬ್, ಎಂದರೆ ಚಾವಿಯ ತೂತಿನ ಜಾಗದಲ್ಲಿರುವ ತಿರುಗಿಸುವ ಹಿಡಿ, ಒತ್ತಿದಾಗ ಗಾಡಿಯೇ ‘ಯಾರು?’ ಎಂದು ಕೇಳುತ್ತದೆ, ಜೇಬಿನಲ್ಲಿರುವ ಫಾಬ್ ತಾನಾಗಿ ಉತ್ತರಿಸುತ್ತದೆ, ಉತ್ತರ ಸರಿಯಿದ್ದರೆ ನಾಬ್ ತಿರುಗುತ್ತದೆ. ಸ್ಮಾರ್ಟ್ ಕೀ ಎಂಬ ಹೆಸರು ಸಲ್ಲುವುದು ಈ ಎರಡನೆಯ ಕೆಲಸಕ್ಕೆ.

ಮಾಸ್ತರರು: ದುಬಾರಿ ಮೋಟಾರ್‌ಸೈಕಲ್ಲುಗಳಲ್ಲಿ ಮಾತ್ರ ಇದ್ದ ಈ ಏರ್ಪಾಡು ಇಲ್ಲಿನ ಬೀದಿಗಳಿಗೆ ಬಂದದ್ದು ಇತ್ತೀಚೆಗಷ್ಟೆ ಎಂದು ತೋರುತ್ತದೆ.

ಉಸ್ತಾದರು: ಹೌದು. ಹಾರ್ಲೆ-ಡೇವಿಡ್‌ಸನ್, ಬಿಎಂಡಬ್ಲ್ಯು, ಡುಕಾಟಿಗಳಲ್ಲಿ ಇದು ಹಳೆಯ ಮಾತಾದರೂ ಆ ಗಾಡಿಗಳು ಮಕ್ತಲದಲ್ಲಿ ನಿಲ್ಲುವುದೇ ಅಪರೂಪ. 2023ರ ಜನವರಿಯಲ್ಲಿ ಹೋಂಡಾ ತನ್ನ ಆಕ್ಟಿವಾ ಸ್ಕೂಟರಿಗೆ ಎಚ್-ಸ್ಮಾರ್ಟ್ ಎಂಬ ಹೆಸರಿನಲ್ಲಿ ಸ್ಮಾರ್ಟ್ ಕೀ ಕೊಟ್ಟಿತು, 2024ರಲ್ಲಿ ಯಮಹಾ ಏರಾಕ್ಸ್ 155ರ ಒಂದು ಮಾದರಿಗೂ ಅದು ಬಂತು. ಹೀಗೆ ಮಗ್ಗದ ಮನೆಯವರೂ ಶಾಲೆಯ ಮಾಸ್ತರರೂ ಕೊಳ್ಳುವ ಗಾಡಿಗೆ ಅದು ಇಳಿದ ಮೇಲೆಯೇ ‘ಚಾವಿ ಕೇಳ್ತಾ ಇಲ್ಲ’ ಎಂಬ ದೂರು ರಿಪೇರಿ ಅಂಗಡಿಯ ದಿನನಿತ್ಯದ ಮಾತಾಯಿತು.

ಮಾಸ್ತರರು: ದೂರಿನ ಮಾತು ಹಾಗಿರಲಿ. ಗಾಡಿ ‘ಯಾರು?’ ಎಂದು ಕೇಳುವುದು, ಫಾಬ್ ಉತ್ತರಿಸುವುದು ಎಂಬುದು ಉಪಮೆಯೋ, ಯಂತ್ರದೊಳಗೆ ನಡೆಯುವ ನಿಜವಾದ ಕ್ರಿಯೆಯೋ?

ಉಸ್ತಾದರು: ನಿಜವಾದ ಕ್ರಿಯೆ. ಗಾಡಿಯೊಳಗೆ ತಾಮ್ರದ ತಂತಿ ಸುತ್ತಿದ ಒಂದು ಆಂಟೆನಾ ಸುರುಳಿ ಇರುತ್ತದೆ. ನಾಬ್ ಒತ್ತಿದ ಕ್ಷಣ ಅದು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ, ಎಂದರೆ ಸೆಕೆಂಡಿಗೆ ಸುಮಾರು 1,25,000 ಸಲ ಏರಿಳಿಯುವ ಕಾಂತಕ್ಷೇತ್ರವನ್ನು ತನ್ನ ಸುತ್ತ ಹರಡುತ್ತದೆ. ಇದು ಗಾಡಿಯ ಬಾಯಿ. ಫಾಬಿನೊಳಗೆ ಇನ್ನೊಂದು ಪುಟ್ಟ ಸುರುಳಿ ಈ ಕ್ಷೇತ್ರಕ್ಕಾಗಿ ಸದಾ ಕಾಯುತ್ತಿರುತ್ತದೆ. ಅದು ಫಾಬಿನ ಕಿವಿ. ಕರೆ ಕೇಳಿದೊಡನೆ ಫಾಬ್ ಎಚ್ಚರಗೊಂಡು, ಬಹುತೇಕ ಮಾದರಿಗಳಲ್ಲಿ 433 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೊ ಅಲೆಯ ಮೂಲಕ ಉತ್ತರ ಕೊಡುತ್ತದೆ. ಅದು ಫಾಬಿನ ಬಾಯಿ. ಆ ಅಲೆಯನ್ನು ಹಿಡಿಯುವ ರಿಸೀವರ್ ಗಾಡಿಯ ಕಿವಿ. ಎರಡು ಬಾಯಿ, ಎರಡು ಕಿವಿ, ಒಟ್ಟು ನಾಲ್ಕು ಅಂಗ. ಚಾವಿ ಕೆಟ್ಟಿದೆ ಎಂದು ಒಂದೇ ಮಾತಿನಲ್ಲಿ ಹೇಳುವವರಿಗೆ ಈ ನಾಲ್ಕರಲ್ಲಿ ಯಾವುದು ಸುಮ್ಮನಾಗಿದೆ ಎಂಬ ಪ್ರಶ್ನೆ ಹೊಳೆದಿರುವುದಿಲ್ಲ.

ಮಾಸ್ತರರು: ಕೇಳುವುದಕ್ಕೆ ಒಂದು ಆವರ್ತನ, ಹೇಳುವುದಕ್ಕೆ ಇನ್ನೊಂದು ಏಕೆ? ಒಂದೇ ಅಲೆಯಲ್ಲಿ ಎರಡೂ ಮುಗಿಯಬಹುದಿತ್ತಲ್ಲ.

ಉಸ್ತಾದರು: ದೂರವನ್ನು ಕಟ್ಟಿಹಾಕುವುದಕ್ಕಾಗಿ. ಕೆಳ ಆವರ್ತನದ ಕಾಂತಕ್ಷೇತ್ರ ಬಲುಬೇಗ ಸೊರಗುತ್ತದೆ. ಸುರುಳಿಯಿಂದ ದೂರ ಎರಡು ಪಟ್ಟಾದರೆ ಅದರ ಬಲ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ, ಮೂರು ಪಟ್ಟಾದರೆ ಇಪ್ಪತ್ತೇಳನೆಯ ಒಂದು ಪಾಲು. ಹೀಗಾಗಿ ಗಾಡಿಯ ಕರೆ ಸುಮಾರು ಎರಡು ಮೀಟರಿನ ಆಚೆಗೆ ಕೇಳಿಸುವುದೇ ಇಲ್ಲ, ಮನೆಯೊಳಗೆ ಗೂಟಕ್ಕೆ ತೂಗುಹಾಕಿದ ಅಂಗಿಯ ಜೇಬಿನ ಫಾಬಿಗೆ ಅಂಗಳದ ಗಾಡಿಯ ದನಿ ತಲುಪುವುದಿಲ್ಲ. ರೇಡಿಯೊ ಅಲೆ ಹತ್ತಾರು ಮೀಟರ್ ಹೋಗಬಲ್ಲದಾದರೂ ಕರೆ ಕೇಳಿಸದೆ ಉತ್ತರ ಹೊರಡುವುದಿಲ್ಲವಾದ್ದರಿಂದ, ಹತ್ತಿರವಿದ್ದವನಿಗೇ ಗಾಡಿ ಒಲಿಯುತ್ತದೆ.

ಮಾಸ್ತರರು: ಆ ಉತ್ತರವನ್ನು ಕಳ್ಳನೊಬ್ಬ ಹಿಡಿದಿಟ್ಟುಕೊಂಡು ಮರುದಿನ ತಾನೇ ಹೇಳಿದರೆ?

ಉಸ್ತಾದರು: ಶಾಲೆಯಲ್ಲಿ ದಿನವೂ ಒಂದೇ ಮಗ್ಗಿ ಕೇಳಿದರೆ ಮಕ್ಕಳು ಲೆಕ್ಕ ಕಲಿಯದೆ ಉತ್ತರವನ್ನಷ್ಟೇ ಬಾಯಿಪಾಠ ಮಾಡುತ್ತಾರೆ, ಪ್ರಶ್ನೆ ಬದಲಾದ ದಿನ ಸಿಕ್ಕಿಬೀಳುತ್ತಾರೆ. ಗಾಡಿಯೂ ಪ್ರತಿ ಸಲ ಬೇರೆ ಸಂಖ್ಯೆ ಕೊಡುತ್ತದೆ. ಫಾಬನ್ನೂ ಗಾಡಿಯನ್ನೂ ಮೊದಲು ಹೊಂದಿಸುವಾಗ ಎರಡರಲ್ಲೂ ಅಡಗಿಸಿಟ್ಟ ಗುಟ್ಟಿನ ಸೂತ್ರ ಬಳಸಿ ಫಾಬ್ ಅದಕ್ಕೆ ಉತ್ತರ ಲೆಕ್ಕ ಹಾಕುತ್ತದೆ. ನಿನ್ನೆಯ ಉತ್ತರ ಇಂದಿಗೆ ತಪ್ಪು. ಗುಂಡಿ ಒತ್ತಿ ಕಳಿಸುವ ಆಜ್ಞೆಗಳಲ್ಲೂ ಸಂಕೇತ ಪ್ರತಿ ಸಲ ಮುಂದಕ್ಕೆ ಉರುಳುತ್ತ ಹೋಗುವ ಪದ್ಧತಿಯಿದೆ. ದಕ್ಷಿಣ ಆಫ್ರಿಕಾದಲ್ಲಿ 1980ರ ದಶಕದಲ್ಲಿ ಹುಟ್ಟಿದ ಕೀಲಾಕ್ ಎಂಬ ವಿಧಾನ ಈ ಜಾಡಿನ ಹಿರಿಯಣ್ಣ. ಇದರಿಂದಲೇ ಒಂದು ಕಾಯಿಲೆಯೂ ಹುಟ್ಟುತ್ತದೆ. ಗಾಡಿಯಿಂದ ದೂರದಲ್ಲಿ ಮಗುವಿನ ಕೈಗೆ ಫಾಬ್ ಕೊಟ್ಟು, ಅದು ನೂರಾರು ಸಲ ಗುಂಡಿ ಒತ್ತಿದರೆ ಫಾಬಿನ ಎಣಿಕೆ ಮುಂದೆ ಹೋಗಿ ಗಾಡಿಯ ಎಣಿಕೆ ಹಿಂದೆ ಉಳಿಯುತ್ತದೆ; ಅಂತರ ಸಣ್ಣದಿದ್ದರೆ ಗಾಡಿ ತಾನೇ ಸರಿಹೊಂದಿಸಿಕೊಳ್ಳುತ್ತದೆ, ದೊಡ್ಡದಾದರೆ ಕೆಲವು ಗಾಡಿಗಳು ಆ ಗುಂಡಿಯ ಮಾತಿಗೆ ಕಿವಿಗೊಡುವುದನ್ನೇ ನಿಲ್ಲಿಸುತ್ತವೆ. ಆದರೆ ಇದು ಅಪರೂಪ.

ಮಾಸ್ತರರು: ಹಾಗಾದರೆ ಅಪರೂಪದ್ದನ್ನು ಬಿಟ್ಟು ದಿನನಿತ್ಯದ ಕಾಯಿಲೆಗೆ ಬರೋಣ. ಗಾಡಿಯ ಮುಂದೆ ನಿಂತಾಗಿದೆ, ಫಾಬ್ ಜೇಬಿನಲ್ಲಿದೆ, ನಾಬ್ ಒತ್ತಿದರೆ ತಿರುಗುತ್ತಿಲ್ಲ. ನಾಲ್ಕು ಅಂಗಗಳಲ್ಲಿ ಯಾವುದು ಸುಮ್ಮನಾಗಿದೆ ಎಂದು ಉಪಕರಣವಿಲ್ಲದೆ ಪತ್ತೆ ಹಚ್ಚುವ ದಾರಿ ಇದೆಯೇ?

ಉಸ್ತಾದರು: ಇದೆ, ಮತ್ತು ಅದಕ್ಕೆ ಬೆರಳು ಸಾಕು. ಮೊದಲು ಫಾಬಿನ ದೀಪ ನೋಡಬೇಕು. ಹಲವು ಮಾದರಿಗಳಲ್ಲಿ ಫಾಬನ್ನೇ ಆರಿಸಿ ಮಲಗಿಸುವ ಒಂದು ಗುಂಡಿ ಇರುತ್ತದೆ. ಹೋಂಡಾದ ಫಾಬಿನಲ್ಲಿ ದೀಪ ಹಸಿರು ಮಿನುಗಿದರೆ ಅದು ಎಚ್ಚರವಾಗಿದೆ, ಕೆಂಪಾದರೆ ಮಲಗಿದೆ ಎಂದರ್ಥ, ಗುಂಡಿಯನ್ನು ಒಂದು ಸೆಕೆಂಡಿಗಿಂತ ಹೆಚ್ಚು ಕಾಲ ಒತ್ತಿ ಹಿಡಿದರೆ ಸ್ಥಿತಿ ಬದಲಾಗುತ್ತದೆ. ಜೇಬಿನಲ್ಲಿ ಮೊಬೈಲಿನ ಅಂಚು ತಾಕಿ ಈ ಗುಂಡಿ ಒತ್ತಿಹೋಗುವುದು ಸಾಮಾನ್ಯ ಸಂಗತಿ. ರಿಪೇರಿಗೆಂದು ಗಾಡಿಯನ್ನು ತಳ್ಳಿಕೊಂಡು ಬಂದವರಲ್ಲಿ ಎಷ್ಟೋ ಜನ ಕೆಂಪು ದೀಪವನ್ನು ಕಂಡೂ ಅದರ ಅರ್ಥ ತಿಳಿಯದೆ ಬಂದಿರುತ್ತಾರೆ. ಫಾಬ್ ಎಚ್ಚರವಾಗಿದ್ದರೆ, ಗಾಡಿ ಹುಡುಕುವ ಗುಂಡಿಯನ್ನು ಒತ್ತಬೇಕು. ಇಂಡಿಕೇಟರ್ ಮಿನುಗಿದರೆ ಫಾಬಿನ ಬಾಯಿಯೂ ಗಾಡಿಯ ಕಿವಿಯೂ ಸರಿ ಎಂದು ಒಂದೇ ಏಟಿಗೆ ತಿಳಿಯುತ್ತದೆ. ಅಷ್ಟಾದರೂ ನಾಬ್ ಬಿಡದಿದ್ದರೆ ತಪ್ಪು ಉಳಿದ ಜೋಡಿಯಲ್ಲಿದೆ, ಗಾಡಿಯ ಬಾಯಿ ಕೂಗುತ್ತಿಲ್ಲ ಅಥವಾ ಫಾಬಿನ ಕಿವಿಗೆ ಅದು ಕೇಳಿಸುತ್ತಿಲ್ಲ. ಆಗ ಫಾಬನ್ನು ಜೇಬಿನಿಂದ ತೆಗೆದು, ಬೇರೆ ಯಾವುದನ್ನೂ ಹತ್ತಿರ ಇಡದೆ, ನಾಬಿಗೆ ತಾಗುವಷ್ಟು ಸಮೀಪ ಹಿಡಿದು ಒತ್ತಿ ನೋಡಬೇಕು. ಸಮೀಪದಲ್ಲಿ ಕೆಲಸ ಮಾಡಿ ಜೇಬಿನಿಂದ ಮಾಡದಿದ್ದರೆ ಕಿವಿ ಮಂದವಾಗಿದೆ, ಎಂದರೆ ಸೆಲ್ ಸೊರಗಿದೆ ಅಥವಾ ನಡುವೆ ಏನೋ ಅಡ್ಡ ಬಂದಿದೆ. ಹುಡುಕುವ ಗುಂಡಿಗೂ ಉತ್ತರವಿಲ್ಲ, ದೀಪವೂ ಹತ್ತುತ್ತಿಲ್ಲ ಎಂದರೆ ಇನ್ನು ಮಾತೇ ಬೇಡ, ಸೆಲ್ ಸತ್ತಿದೆ.

ಮಾಸ್ತರರು: ಎರಡನೆಯ ಫಾಬ್ ಮನೆಯಲ್ಲಿದ್ದರೆ?

ಉಸ್ತಾದರು: ಅದಕ್ಕಿಂತ ದೊಡ್ಡ ಪರೀಕ್ಷಾ ಯಂತ್ರ ಯಾವ ಶೋರೂಮಿನಲ್ಲೂ ಇಲ್ಲ. ಎರಡನೆಯದಕ್ಕೆ ಗಾಡಿ ಒಲಿದರೆ ರೋಗ ಮೊದಲನೆಯ ಫಾಬಿನದು, ಎರಡಕ್ಕೂ ಒಲಿಯದಿದ್ದರೆ ಗಾಡಿಯದು. ಆದರೆ ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ಪರೀಕ್ಷಿಸಿದರೆ ತೀರ್ಪು ಯಾರದೆಂದು ತಿಳಿಯುವುದಿಲ್ಲ. ಒಂದನ್ನು ಹತ್ತು ಹೆಜ್ಜೆ ದೂರ ಇಟ್ಟು ಬರಬೇಕು.

ಮಾಸ್ತರರು: ಸೆಲ್ ಸತ್ತಿದ್ದರೆ ಗಡಿಯಾರದ ಅಂಗಡಿಯಲ್ಲಿ ಹೊಸದು ಹಾಕಿಸಿದರೆ ಮುಗಿಯಿತು. ಇದರಲ್ಲಿ ಹೆಚ್ಚು ಹೇಳುವುದೇನೂ ಉಳಿದಂತಿಲ್ಲ.

ಉಸ್ತಾದರು: ಹೆಚ್ಚು ಹೇಳಬೇಕಾದದ್ದು ಇಲ್ಲೇ. ಹಳೆಯ ಸೆಲ್ಲಿನ ಬೆನ್ನ ಮೇಲೆ ಕೊರೆದ ಅಕ್ಷರಗಳನ್ನು ಓದಿಕೊಂಡೇ ಅಂಗಡಿಗೆ ಹೋಗಬೇಕು. ಸಿಆರ್ 2032 ಎಂದಿದ್ದರೆ ಅದೊಂದು ಅಳತೆಪಟ್ಟಿ: ‘ಸಿ’ ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡಿನ ರಸಾಯನವನ್ನು ಸೂಚಿಸುತ್ತದೆ, ‘ಆರ್’ ಎಂದರೆ ದುಂಡು, 20 ಎಂದರೆ ಅಡ್ಡಗಲ 20 ಮಿಲಿಮೀಟರ್, 32 ಎಂದರೆ ದಪ್ಪ 3.2 ಮಿಲಿಮೀಟರ್. ಅಂಗಡಿಯಲ್ಲಿ ಅದು ಮುಗಿದಿದ್ದರೆ ಸಿಆರ್ 2025 ಕೊಟ್ಟು ‘ಇದೂ ನಡೀತದೆ’ ಎನ್ನುವುದುಂಟು. ಅಡ್ಡಗಲ ಒಂದೇ, ವೋಲ್ಟೇಜೂ ಒಂದೇ 3 ವೋಲ್ಟ್, ಹಾಕಿದೊಡನೆ ದೀಪವೂ ಹತ್ತುತ್ತದೆ. ಆದರೆ ದಪ್ಪದಲ್ಲಿ 0.7 ಮಿಲಿಮೀಟರ್ ಕಡಿಮೆ. ಮೇಲಿನ ತಗಡಿನ ನಾಲಿಗೆ ಅದನ್ನು ಬಿಗಿಯಾಗಿ ಒತ್ತುವುದಿಲ್ಲ. ಅಂಗಡಿಯ ಮುಂದೆ ಸರಿಯಿದ್ದ ಫಾಬ್ ಮಕ್ತಲದ ಹೊರಗಿನ ತಗ್ಗುದಿಣ್ಣೆಯ ರಸ್ತೆಯಲ್ಲಿ ಕುಲುಕಾಡಿ, ಮುಂದಿನ ನಿಲುಗಡೆಯಲ್ಲಿ ಮಾತು ನಿಲ್ಲಿಸುತ್ತದೆ, ಮತ್ತೆ ಕೈಯಲ್ಲಿ ತಟ್ಟಿದರೆ ಮಾತನಾಡುತ್ತದೆ. ಸವಾರ ಫಾಬ್ ಕೆಟ್ಟಿತೆಂದು ತೀರ್ಮಾನಿಸುತ್ತಾನೆ.

ಮಾಸ್ತರರು: ಮೀಟರ್ ಹಿಡಿದು ಸೆಲ್ ಪರೀಕ್ಷಿಸಿದರೆ ಅನುಮಾನಕ್ಕೆ ಎಡೆಯಿಲ್ಲವಲ್ಲ?

ಉಸ್ತಾದರು: ಮೀಟರೂ ಮೋಸ ಮಾಡುತ್ತದೆ. ಈ ಜಾತಿಯ ಸೆಲ್ಲಿನ ವೋಲ್ಟೇಜ್ ಮುದಿತನದ ತನಕವೂ 3ರ ಸುತ್ತಮುತ್ತಲೇ ಇರುತ್ತದೆ. ಏರುವುದು ಅದರೊಳಗಿನ ಪ್ರತಿರೋಧ, ಎಂದರೆ ವಿದ್ಯುತ್ತು ಹೊರಬರುವ ದಾರಿಯ ಇಕ್ಕಟ್ಟು. ಫಾಬ್ ಸುಮ್ಮನೆ ಕೇಳಿಸಿಕೊಳ್ಳುವಾಗ ಅದಕ್ಕೆ ಬೇಕಾದದ್ದು ಕೆಲವೇ ಮೈಕ್ರೊಆಂಪಿಯರ್, ಉತ್ತರ ಕೂಗುವ ಗಳಿಗೆಯಲ್ಲಿ ಬೇಕಾದದ್ದು ಅದರ ಸಾವಿರಾರು ಪಟ್ಟು. ಮುದಿ ಸೆಲ್ ಆ ಗಳಿಗೆಯಲ್ಲಿ ಕುಸಿಯುತ್ತದೆ. ಮೀಟರಿನ ಮುಂದೆ ಏನೂ ಭಾರವಿಲ್ಲದೆ ನಿಂತಾಗ 2.9 ತೋರಿಸುವ ಸೆಲ್ ಮೂಟೆ ಹೊರಿಸದೆ ನೋಡಿದ ಎತ್ತಿನಂತೆ, ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಎರಡು ವರ್ಷವಾಗಿದ್ದರೆ ಮೀಟರಿನ ಮಾತು ಕೇಳದೆ ಬದಲಾಯಿಸುವುದೇ ಲೇಸು.

ಮಾಸ್ತರರು: ಬದಲಾಯಿಸುವಾಗ ಫಾಬಿನ ನೆನಪು ಅಳಿಸಿಹೋಗಿ, ಗಾಡಿಯ ಗುಟ್ಟು ಮರೆತುಹೋಗುವುದಿಲ್ಲವೇ? ಆ ಭಯದಿಂದಲೇ ಎಷ್ಟೋ ಜನ ಅದನ್ನು ಬಿಚ್ಚುವುದಿಲ್ಲ.

ಉಸ್ತಾದರು: ಇಲ್ಲ. ಗುಟ್ಟು ಇರುವುದು ವಿದ್ಯುತ್ತಿಲ್ಲದೆಯೂ ಉಳಿಯುವ ಚಿಪ್ಪಿನ ನೆನಪಿನಲ್ಲಿ. ಒಂದು ವಾರ ಸೆಲ್ ಇಲ್ಲದೆ ಬಿದ್ದಿದ್ದರೂ ಅದು ಅಲ್ಲೇ ಇರುತ್ತದೆ. ಕಾಳಜಿ ಬೇಕಾದದ್ದು ಬೇರೆ ಕಡೆ. ಎರಡು ಹೋಳುಗಳ ಸಂದಿಗೆ ಬಟ್ಟೆ ಸುತ್ತಿದ ನಾಣ್ಯ ಸಿಕ್ಕಿಸಿ ಹೊರಳಿಸಬೇಕು, ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ನೀರು ತಡೆಯುವ ರಬ್ಬರಿನ ಅಂಚು ಹರಿದು ಮುಂದಿನ ಮಳೆಗಾಲಕ್ಕೆ ಫಾಬ್ ಬಲಿಯಾಗುತ್ತದೆ. ಕೂಡಿಸು ಚಿಹ್ನೆ ಯಾವ ಕಡೆಗಿತ್ತು ಎಂದು ತೆಗೆಯುವ ಮೊದಲೇ ನೋಡಿಟ್ಟುಕೊಳ್ಳಬೇಕು. ಹೊಸ ಸೆಲ್ಲನ್ನು ಎಣ್ಣೆ, ಬೆವರಿನ ಬೆರಳಿನಿಂದ ಮುಟ್ಟದೆ ಒಣಬಟ್ಟೆಯಲ್ಲಿ ಹಿಡಿದು ಕೂರಿಸಬೇಕು, ನಾಲಿಗೆ ಸಡಿಲವಿದ್ದರೆ ಉಗುರಿನ ತುದಿಯಿಂದ ಕೂದಲೆಳೆಯಷ್ಟು ಸೆಲ್ಲಿನ ಕಡೆಗೆ ಬಾಗಿಸಬೇಕು. ಮಕ್ಕಳು ನುಂಗದಿರಲೆಂದು ಕೆಲವು ಸೆಲ್ಲುಗಳ ಮೇಲೆ ಕಹಿ ಲೇಪ ಹಚ್ಚಿರುತ್ತಾರೆ. ಕೆಲವು ಸಾಧನಗಳಲ್ಲಿ ಆ ಲೇಪವೇ ಸಂಪರ್ಕಕ್ಕೆ ಅಡ್ಡಿಯಾಗುವುದರಿಂದ, ಹೊಸ ಸೆಲ್ ಹಾಕಿಯೂ ದೀಪ ಹತ್ತದಿದ್ದರೆ ಅದನ್ನೂ ಗಮನಿಸಬೇಕು.

ಮಾಸ್ತರರು: ಕಹಿ ಲೇಪದ ಮಾತು ಬಂದದ್ದು ಒಳ್ಳೆಯದಾಯಿತು. ತೆಗೆದ ಹಳೆಯ ಸೆಲ್ಲನ್ನು ಕಿಟಕಿಯ ಮೇಲೆ ಇಟ್ಟು ಮರೆಯುವುದು ಮನೆಮನೆಯ ರೂಢಿ.

ಉಸ್ತಾದರು: ಗಾಡಿಗೆ ನಿರುಪಯೋಗಿಯಾದ ಸೆಲ್ಲಿನಲ್ಲಿ ಮಗುವಿನ ಅನ್ನನಾಳ ಸುಡುವಷ್ಟು ಕಸುವು ಉಳಿದಿರುತ್ತದೆ. ಗಂಟಲಲ್ಲಿ ಸಿಕ್ಕಿಕೊಂಡ ಸೆಲ್ ಎರಡು ಗಂಟೆಯೊಳಗೆ ಆಳವಾದ ಗಾಯ ಮಾಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ಮಲದಲ್ಲಿ ಬಿದ್ದುಹೋಗಲಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹಳೆಯ ಸೆಲ್ಲಿನ ಎರಡೂ ಮುಖಕ್ಕೆ ಟೇಪ್ ಸುತ್ತಿ ಕೈಗೆಟುಕದ ಕಡೆ ಇಡುವುದು, ಆಮೇಲೆ ಅಂಗಡಿಗೇ ಮರಳಿಸುವುದು ಸರಿಯಾದ ಕ್ರಮ.

ಮಾಸ್ತರರು: ಸೆಲ್ ಹೊಸದು, ಫಾಬ್ ಎಚ್ಚರವಾಗಿದೆ, ಆದರೂ ಒಂದು ಜಾಗದಲ್ಲಿ ಗಾಡಿ ಒಲಿಯುತ್ತದೆ, ಇನ್ನೊಂದು ಜಾಗದಲ್ಲಿ ಇಲ್ಲ ಎಂಬ ದೂರೂ ಇದೆ. ಹೊಳೆಯಾಚೆಯ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಕಡೆಗೆ ಬೊಟ್ಟು ಮಾಡುವವರೂ ಇದ್ದಾರೆ.

ಉಸ್ತಾದರು: ವಿದ್ಯುತ್ ಸ್ಥಾವರ, ಟಿವಿ ಗೋಪುರ, ರೇಡಿಯೊ ಕೇಂದ್ರ, ವಿಮಾನ ನಿಲ್ದಾಣಗಳ ಬಳಿ ಸ್ಮಾರ್ಟ್ ಕೀ ಮುಗ್ಗರಿಸಬಹುದು ಎಂದು ತಯಾರಕರ ಕೈಪಿಡಿಗಳೇ ಎಚ್ಚರಿಸುತ್ತವೆ, ಆ ಮಾತನ್ನು ತೆಗೆದುಹಾಕುವಂತಿಲ್ಲ. ಆದರೆ ದೇವಸೂಗೂರಿನ ಸೇತುವೆ ದಾಟುವ ಮುಂಚೆಯೇ ಶಕ್ತಿನಗರವನ್ನು ದೂರುವವರು ಮೊದಲು ತಮ್ಮ ಜೇಬು ನೋಡಿಕೊಳ್ಳಬೇಕು. ಫಾಬಿಗೆ ಒತ್ತಿಕೊಂಡ ಮೊಬೈಲು, ಚಿಲ್ಲರೆ ನಾಣ್ಯ, ಇನ್ನೊಂದು ಗಾಡಿಯ ಫಾಬ್, ಕಬ್ಬಿಣದ ಚಾವಿಗೊಂಚಲು, ಇವೆಲ್ಲ ಕಾಂತಕ್ಷೇತ್ರವನ್ನು ತಿರುಚುವ ಇಲ್ಲವೇ ನುಂಗುವ ವಸ್ತುಗಳು. ಎಲ್ಲಕ್ಕಿಂತ ಬಲವಾದ ಕೋಟೆಯೆಂದರೆ ಸ್ಟೀಲಿನ ಟಿಫಿನ್ ಡಬ್ಬಿ. ಹೊಲಕ್ಕೆ ಹೋಗುವಾಗ ಮಳೆಗೆ ನೆನೆಯದಿರಲೆಂದು ಫಾಬನ್ನು ಬುತ್ತಿಯ ಡಬ್ಬಿಯೊಳಗೆ ಇಟ್ಟು ಮುಚ್ಚಿದರೆ, ಮುಚ್ಚಳ ತೆರೆಯುವ ತನಕ ಗಾಡಿಗೆ ಆ ಫಾಬ್ ಲೋಕದಲ್ಲೇ ಇಲ್ಲ. ಮಳೆಗೆ ಪ್ಲಾಸ್ಟಿಕ್ ಚೀಲ ಸಾಕು. ಮನೆಯಲ್ಲೂ ಟಿವಿಯ ಪಕ್ಕ, ಕಂಪ್ಯೂಟರಿನ ಪಕ್ಕ ಇಡಬಾರದು. ಅವುಗಳ ಸದ್ದಿಗೆ ಫಾಬ್ ಮತ್ತೆ ಮತ್ತೆ ಎಚ್ಚರಗೊಂಡು ಎರಡು ವರ್ಷ ಬರಬೇಕಾದ ಸೆಲ್ಲನ್ನು ಬೇಗನೆ ತಿಂದುಹಾಕುತ್ತದೆ.

ಮಾಸ್ತರರು: ಬೇಸಿಗೆಯಲ್ಲಿ ಈ ಕಡೆ 40 ಡಿಗ್ರಿ ದಾಟುವ ಬಿಸಿಲು. ಅದರ ಪಾತ್ರವೇನು?

ಉಸ್ತಾದರು: ಬಿಸಿಲಿನಲ್ಲಿ ನಿಂತ ಗಾಡಿಯ ಸೀಟಿನ ಕೆಳಗಿನ ಡಿಕ್ಕಿ ಹೊರಗಿನ ಗಾಳಿಗಿಂತ ಹೆಚ್ಚು ಕಾಯುತ್ತದೆ, ಸಿಆರ್ 2032ರಂಥ ಸೆಲ್ಲುಗಳಿಗೆ ಹೇಳಿರುವ ಮಿತಿ ಸಾಮಾನ್ಯವಾಗಿ 60 ಡಿಗ್ರಿ. ಡಿಕ್ಕಿಯಲ್ಲಿ ಫಾಬ್ ಇಡಬಾರದು ಎನ್ನಲು ಇದು ಒಂದು ಕಾರಣ, ಇದಕ್ಕಿಂತ ದೊಡ್ಡ ಕಾರಣ ಆಮೇಲೆ ಬರುತ್ತದೆ.

ಮಾಸ್ತರರು: ಇಷ್ಟು ಹೊತ್ತೂ ಫಾಬಿನ ಕಡೆಯ ವಿಚಾರಣೆಯೇ ನಡೆಯಿತು. ಗಾಡಿಯ ಕಡೆಯ ತಪ್ಪು?

ಉಸ್ತಾದರು: ಬಹುಪಾಲು ಗಾಡಿಯ 12 ವೋಲ್ಟಿನ ಬ್ಯಾಟರಿಯದು. ತುಂಬಿದ ಲೆಡ್-ಆಸಿಡ್ ಬ್ಯಾಟರಿ ನಿಂತ ಗಾಡಿಯಲ್ಲಿ 12.6 ವೋಲ್ಟಿಗೆ ಮೇಲೆ ತೋರಿಸಬೇಕು. 12ರ ಹತ್ತಿರ ಇಳಿದರೆ ಅದು ಬರಿದಾಗುತ್ತ ಬಂದಿದೆ ಎಂದು ಲೆಕ್ಕ. ಕರೆ ಕೂಗುವ ಸುರುಳಿಗೂ ನಾಬಿನ ಬೀಗ ಎಳೆಯುವ ಪುಟ್ಟ ಮೋಟಾರಿಗೂ ಬೇಕಾದ ಕಸುವು ಇಲ್ಲದಾದಾಗ ಟಕಟಕ ಸದ್ದು ಬಂದು ನಿಲ್ಲುತ್ತದೆ ಅಥವಾ ದೀಪ ಮಂಕಾಗಿ ಆರುತ್ತದೆ. ಹಳೆಯ ಗಾಡಿಯಲ್ಲಿ ಬ್ಯಾಟರಿ ಸತ್ತರೆ ಕಿಕ್ ಹೊಡೆದು ಹೊರಡುತ್ತಿದ್ದರು. ಇಲ್ಲಿ ಆ ಆಟ ನಡೆಯುವುದಿಲ್ಲ, ಏಕೆಂದರೆ ಇಮ್ಮೊಬಿಲೈಸರ್ ಎಂಬ ಕಾವಲುಗಾರ ಗುರುತು ಸಿಗುವ ತನಕ ಎಂಜಿನ್ನಿಗೆ ಕಿಡಿಯನ್ನೇ ಬಿಡುವುದಿಲ್ಲ. ಕಿಕ್ ಹೊಡೆದರೂ, ಇಳಿಜಾರಿನಲ್ಲಿ ತಳ್ಳಿದರೂ ಅದು ಒಲಿಯುವುದಿಲ್ಲ. ಇನ್ನೊಂದು ಮಾತು. ನಾಬ್ ತಿರುಗಿತು, ಮೀಟರಿನ ದೀಪಗಳೂ ಹತ್ತಿದವು, ಆದರೆ ಎಂಜಿನ್ ಚಾಲೂ ಆಗುತ್ತಿಲ್ಲ ಎಂದಾದರೆ ಚಾವಿಯನ್ನು ಬಯ್ಯುವುದು ಅನ್ಯಾಯ. ಗುರುತಿನ ಕೆಲಸ ಆಗಲೇ ಮುಗಿದಿದೆ. ಸೈಡ್ ಸ್ಟ್ಯಾಂಡ್ ಇಳಿದಿದೆಯೋ, ಕಿಲ್ ಸ್ವಿಚ್ ಒತ್ತಿದೆಯೋ, ಬ್ರೇಕ್ ಹಿಡಿದಿಲ್ಲವೋ ಎಂದು ನೋಡಬೇಕು.

ಮಾಸ್ತರರು: ಹೀಗೆ ಒಂದೊಂದಾಗಿ ಕೇಳುತ್ತ ಬಂದರೆ ವಿಚಿತ್ರ ತೀರ್ಮಾನವೊಂದು ಹೊರಡುತ್ತಿದೆ: ಇವುಗಳಲ್ಲಿ ಹೆಚ್ಚಿನವು ಕೆಟ್ಟಿದ್ದರ ಲಕ್ಷಣಗಳೇ ಅಲ್ಲ, ಕಾವಲುಗಾರ ತನ್ನ ಕೆಲಸ ಸರಿಯಾಗಿ ಮಾಡುತ್ತಿದ್ದಾನೆ, ಯಜಮಾನನ ಗುರುತು ಮಾತ್ರ ಅವನಿಗೆ ಸಿಗುತ್ತಿಲ್ಲ.

ಉಸ್ತಾದರು: ಆ ಮಾತಿಗೆ ಅತ್ಯುತ್ತಮ ಸಾಕ್ಷಿ ಫಾಬನ್ನು ಮಲಗಿಸುವ ಗುಂಡಿಯೇ. ಅದರ ಉಪಯೋಗ ತಿಳಿಯಲು ಮೊದಲು ಒಂದು ಪ್ರಯೋಗ ನೋಡಬೇಕು. ಸ್ವಿಟ್ಸರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯ ಸಂಶೋಧಕರು 2011ರಲ್ಲಿ 8 ತಯಾರಕರ 10 ಕಾರುಗಳನ್ನು ಪರೀಕ್ಷಿಸಿ, ಗುಟ್ಟಿನ ಸೂತ್ರವನ್ನು ಒಡೆಯದೆಯೇ ಅವುಗಳ ಬೀಗ ತೆರೆದು ತೋರಿಸಿದರು. ಗಾಡಿಯ ಬಳಿ ಒಂದು ಯಂತ್ರ, ಮನೆಯೊಳಗಿನ ಫಾಬಿಗೆ ಸಮೀಪ ಇನ್ನೊಂದು ಯಂತ್ರ ಇಟ್ಟು, ಗಾಡಿಯ ಕರೆಯನ್ನು ದೂರ ಸಾಗಿಸಿ ಫಾಬಿಗೆ ಕೇಳಿಸಿದರೆ, ಎರಡು ಮೀಟರಿನ ಕಟ್ಟು ಮುರಿದುಬೀಳುತ್ತದೆ. ಗಾಡಿ ಸರಿಯಾದ ಪ್ರಶ್ನೆಯನ್ನೇ ಕೇಳುತ್ತದೆ, ಫಾಬ್ ಸರಿಯಾದ ಉತ್ತರವನ್ನೇ ಕೊಡುತ್ತದೆ, ನಡುವೆ ನಿಂತ ಕಳ್ಳ ಬರೀ ಮಾತು ಸಾಗಿಸುವವ. ಇದನ್ನು ಮರುಪ್ರಸಾರದ ಕಳವು ಎನ್ನಬಹುದು. ಮಲಗಿಸಿದ ಫಾಬಿಗೆ ಕಿವಿಯೇ ಇಲ್ಲದಿರುವುದರಿಂದ ರಾತ್ರಿ ಆ ಗುಂಡಿ ಒತ್ತಿ ಮಲಗುವುದು ಜಾಣತನ. ಆದರೆ ಬೆಳಿಗ್ಗೆ ಅದನ್ನು ಎಬ್ಬಿಸಲು ಮರೆತವನಿಗೆ ರಾತ್ರಿಯ ರಕ್ಷಣೆಯೇ ಮುಂಜಾನೆಯ ರಿಪೇರಿಯಾಗಿ ಕಾಣುತ್ತದೆ.

ಮಾಸ್ತರರು: ಓಡುತ್ತಿರುವ ಗಾಡಿಯಿಂದ ಫಾಬ್ ಬಿದ್ದುಹೋದರೆ ಎಂಜಿನ್ ನಡುರಸ್ತೆಯಲ್ಲಿ ನಿಂತುಬಿಡುತ್ತದೆಯೇ?

ಉಸ್ತಾದರು: ನಿಲ್ಲುವುದಿಲ್ಲ; ಓಡುವ ಗಾಡಿಯನ್ನು ಆರಿಸುವುದು ಅಪಾಯಕ್ಕೆ ದಾರಿಯಾದ್ದರಿಂದ ತಯಾರಕರು ಹಾಗೆ ಮಾಡುವುದಿಲ್ಲ. ಇದರ ಪರಿಣಾಮ ಮೋಜಿನದು. ಗಂಡನ ಜೇಬಿನಲ್ಲಿ ಫಾಬ್ ಇದ್ದು, ಅವನು ಮಕ್ತಲದ ಬಸ್ ನಿಲ್ದಾಣದಲ್ಲಿ ಎಂಜಿನ್ ಆರಿಸದೆ ಇಳಿದು ರಾಯಚೂರಿನ ಬಸ್ಸು ಹತ್ತಿದರೆ, ಹೆಂಡತಿ ಅದೇ ಗಾಡಿಯಲ್ಲಿ ನಾರಾಯಣಪೇಟೆಯ ತನಕ ಆರಾಮವಾಗಿ ಹೋಗಬಹುದು. ಮನೆಯ ಮುಂದೆ ಗಾಡಿ ಆರಿಸಿದ ಮೇಲೆ ಮಾತ್ರ ಅದು ಮತ್ತೆ ಚಾಲೂ ಆಗುವುದಿಲ್ಲ, ಆ ಹೊತ್ತಿಗೆ ಚಾವಿ ಕೃಷ್ಣಾ ಸೇತುವೆ ದಾಟಿ ಇನ್ನೊಂದು ರಾಜ್ಯದಲ್ಲಿರುತ್ತದೆ.

ಮಾಸ್ತರರು: ರಾಜ್ಯದ ಗೆರೆಯ ಮಾತು ಇಲ್ಲಿ ಹಗುರವಲ್ಲ. 1956ರ ನವೆಂಬರ್ 1ರ ತನಕ ಗದ್ವಾಲ ರಾಯಚೂರು ಜಿಲ್ಲೆಯ ತಾಲ್ಲೂಕಾಗಿತ್ತು. ಗೆರೆ ಬಿದ್ದ ಮೇಲೂ ಔಷಧಿಗೆ, ಬಿತ್ತನೆ ಬೀಜಕ್ಕೆ, ಗಾಡಿಯ ಬಿಡಿಭಾಗಕ್ಕೆ ಜನ ರಾಯಚೂರಿಗೂ ಹೋಗುತ್ತಾರೆ, ಮಹಬೂಬನಗರಕ್ಕೂ ಹೋಗುತ್ತಾರೆ. ಫಾಬ್ ಕಳೆದುಹೋದವರು ಯಾವ ಕಡೆ ಹೋಗಬೇಕು?

ಉಸ್ತಾದರು: ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರ ಇದ್ದ ಕಡೆ, ಅದು ನದಿಯ ಯಾವ ದಂಡೆಯಲ್ಲಿದ್ದರೂ ನಡೆಯುತ್ತದೆ. ನಂಬರ್ ಪ್ಲೇಟಿನಲ್ಲಿ ಕೆಎ 36 ಇದ್ದರೂ ಟಿಜಿ ಇದ್ದರೂ ಫಾಬಿನ ಭಾಷೆ ಒಂದೇ, ಗಾಡಿಯ ಆರ್‌ಸಿ ಮತ್ತು ಮಾಲೀಕನ ಗುರುತಿನ ಚೀಟಿ ಮಾತ್ರ ಜೊತೆಗಿರಬೇಕು. ಆದರೆ ಹೊಸ ಫಾಬ್ ಕೊಂಡು ತಂದು ಮನೆಯಲ್ಲೇ ಹೊಂದಿಸಿಕೊಳ್ಳುವಂತಿಲ್ಲ. ಗದ್ವಾಲ ಸೀರೆಯ ಹತ್ತಿಯ ಒಡಲಿಗೂ ರೇಷ್ಮೆಯ ಅಂಚಿಗೂ ಮಗ್ಗದ ಮೇಲೆಯೇ ಎಳೆಗೆ ಎಳೆ ಸಿಕ್ಕಿಸಿ ಕುಟ್ಟು ಹಾಕುತ್ತಾರೆ, ಸೀರೆ ಇಳಿದ ಮೇಲೆ ಬೇರೆ ಅಂಚು ತಂದು ಅಂಟಿಸಿದರೆ ಅದು ಗದ್ವಾಲ ಆಗುವುದಿಲ್ಲ. ಫಾಬನ್ನೂ ಗಾಡಿಯನ್ನೂ ಎದುರುಬದುರು ಇಟ್ಟು, ಕಂಪನಿಯ ಉಪಕರಣದಿಂದ ಗುಟ್ಟು ಹಂಚಿಸುವ ಕೆಲಸವೂ ಹಾಗೆಯೇ. ಅದನ್ನು ನೋಂದಣಿ ಎನ್ನುತ್ತಾರೆ. ಗಾಡಿ ಅಲ್ಲಿಗೆ ಹೋಗಬೇಕು, ಚಾಲೂ ಆಗದ ಗಾಡಿ ತಾನಾಗಿ ಹೋಗುವುದಿಲ್ಲ, ಟೆಂಪೊದ ಬಾಡಿಗೆ ಫಾಬಿನ ಬೆಲೆಯ ಮೇಲೆ ಬೀಳುತ್ತದೆ.

ಮಾಸ್ತರರು: ದೂರದ ಊರಿನವರಿಗೆ ಇದಕ್ಕೆ ಪರ್ಯಾಯವಿಲ್ಲವೇ?

ಉಸ್ತಾದರು: ತಯಾರಕರು ಒಂದಲ್ಲ ಒಂದು ಹಿಂಬಾಗಿಲು ಇಟ್ಟಿರುತ್ತಾರೆ. ಹಾರ್ಲೆಯಲ್ಲಿ ಮಾಲೀಕನೇ ಇಟ್ಟುಕೊಂಡ 5 ಅಂಕಿಯ ಗುಟ್ಟಿನ ಸಂಖ್ಯೆಯನ್ನು ಇಂಡಿಕೇಟರ್ ಸ್ವಿಚ್ಚುಗಳಿಂದ ಒತ್ತಿ ತುಂಬಬಹುದು. ಬಿಎಂಡಬ್ಲ್ಯುದಂಥ ಕೆಲವು ಗಾಡಿಗಳಲ್ಲಿ ಸೆಲ್ ಪೂರ್ತಿ ಸತ್ತ ಚಾವಿಯನ್ನೂ ನಿಗದಿತ ಜಾಗಕ್ಕೆ ಒತ್ತಿ ಹಿಡಿದರೆ, ಅದರೊಳಗಿನ ಚಿಪ್ ಗಾಡಿಯ ಕಾಂತಕ್ಷೇತ್ರದಿಂದಲೇ ಕಸುವು ಪಡೆದು ಗುರುತು ಹೇಳುತ್ತದೆ. ಹೋಂಡಾದ ಫಾಬುಗಳ ಜೊತೆ, ಗಾಡಿಗೆ ಗುರುತು ಹಿಡಿಸಲು ಬೇಕಾಗುವ ಸಂಖ್ಯೆ ಬರೆದ ಒಂದು ಬಿಲ್ಲೆ ಬರುತ್ತದೆ. ಯಾವ ಗಾಡಿಗೆ ಯಾವ ಬಾಗಿಲು ಎಂಬುದು ಅದರ ಕೈಪಿಡಿಯಲ್ಲಿರುತ್ತದೆ, ಕೈಪಿಡಿ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಆ ಒಂದು ಪುಟವನ್ನು ಮನೆಯ ಶಾಲೆಯ ಹುಡುಗನಿಂದ ಓದಿಸಿ, ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಬರೆಸಿಟ್ಟುಕೊಂಡರೆ ಸಾಕು.

ಮಾಸ್ತರರು: ಬಿಲ್ಲೆ, ಎರಡನೆಯ ಫಾಬ್, ಬರೆಸಿದ ಪುಟ, ಮೂರನ್ನೂ ಜೋಪಾನವಾಗಿ ಗಾಡಿಯ ಡಿಕ್ಕಿಯಲ್ಲೇ ಇಟ್ಟವರನ್ನು ಕಂಡದ್ದುಂಟು.

ಉಸ್ತಾದರು: ಆಮೇಲೆ ಬರುತ್ತದೆ ಎಂದ ದೊಡ್ಡ ಕಾರಣ ಇದೇ. ಡಿಕ್ಕಿ ತೆರೆಯಬೇಕಾದರೆ ಗಾಡಿ ಗುರುತು ಹಿಡಿಯಬೇಕು, ಗುರುತು ಹಿಡಿಸಬೇಕಾದ ಬಿಲ್ಲೆ ಡಿಕ್ಕಿಯೊಳಗಿದೆ. ಒಳಗೆ ಎರಡನೆಯ ಫಾಬ್ ಎಚ್ಚರವಾಗಿಯೇ ಕುಳಿತಿದ್ದರೆ ಇನ್ನೂ ಕೇಡು. ಗಾಡಿಯ ಪಕ್ಕ ಯಜಮಾನ ಸದಾ ನಿಂತಂತೆಯೇ ಲೆಕ್ಕ, ನಾಬ್ ಒತ್ತಿದ ಯಾರಿಗಾದರೂ ಅದು ಬೀಗ ಬಿಡಬಹುದು. ಈ ಸಾಲನ್ನು ಓದುತ್ತಿರುವವರ ಡಿಕ್ಕಿಯಲ್ಲೂ ಅವು ಇದ್ದರೆ ಇಂದೇ ತೆಗೆದು ಮನೆಯ ಬೀರುವಿನಲ್ಲಿ, ಜಮೀನಿನ ಪಹಣಿ ಇಡುವ ಚೀಲದಲ್ಲಿ ಇಡಲಿ.